ಪಂಕಜಕ್ಕನ ‘ತಗಡು’ ಕ್ಯಾಸೆಟ್ಟು

ಪಂಕಜಕ್ಕನಿಗೆ ಎರಡು ಗಂಟಲುಗಳಿದ್ದವು. ಒಂದು ಸರ್ಕಾರದ್ದು. ಕಡೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ‘ನಂಬರ್ ಹೇಳಿ’ ಎಂದು ಅವರು ಕೇಳುತ್ತಿದ್ದ ದನಿ ಎಷ್ಟು ಮೃದುವಾಗಿತ್ತೆಂದರೆ, ಕೊಬ್ಬರಿ ಮಂಡಿಯ ಗಡಸು ಸಾಹುಕಾರರೂ ಅದನ್ನು ಕೇಳಿದ ಕೂಡಲೇ ತಮ್ಮ ದನಿ ಇಳಿಸಿಬಿಡುತ್ತಿದ್ದರು. ಇನ್ನೊಂದು ಅವರ ಸ್ವಂತದ್ದು. ಅದು ಭಾನುವಾರದ ಮಧ್ಯಾಹ್ನಗಳಲ್ಲಿ ಮಾತ್ರ, ಅಜ್ಜಂಪುರದ ಒಂದು ಖಾಲಿ ಹತ್ತಿ ಗೋದಾಮಿನಲ್ಲಿ ತೆರೆದುಕೊಳ್ಳುತ್ತಿತ್ತು. ಹೊಸ ಬಟ್ಟೆಯನ್ನು ಅಂಚಿನಿಂದ ಅಂಚಿಗೆ ಪರ್ರನೆ ಹರಿದ ಹಾಗಿರುತ್ತಿತ್ತು. ಎರಡನ್ನೂ ಕೇಳಿದವರು ಕಡಿಮೆ. ಎರಡೂ ಒಬ್ಬರದೇ ಎಂದು ನಂಬಿದವರು ಇನ್ನೂ ಕಡಿಮೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಅಜ್ಜಂಪುರದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಮನೆ ಕಡೂರಿನಲ್ಲಿ, ಬೆಳಿಗ್ಗೆ ರೈಲಿನಲ್ಲಿ ಹೋಗಿ ಸಂಜೆ ರೈಲಿನಲ್ಲಿ ಬರುತ್ತಿದ್ದೆ. ಪಂಕಜಕ್ಕ ನಮ್ಮ ಬೀದಿಯ ಕೊನೆಯ ಮನೆಯಲ್ಲಿ ತಾಯಿಯ ಜೊತೆ ಇದ್ದರು. ಪೂರ್ತಿ ಹೆಸರು ಪಂಕಜಾಕ್ಷಿ. ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಹೆಡ್‌ಫೋನು ಒತ್ತಿ ಒತ್ತಿ ಎಡಗಿವಿಯ ಮೇಲಿನ ಕೂದಲು ತಗ್ಗಾಗಿ ಕೂತಿತ್ತು. ಎದುರಿಗೆ ನಿಂತು ಮಾತಾಡುವವರಿಗೂ ಅವರು ಕತ್ತು ಸ್ವಲ್ಪ ತಿರುಗಿಸಿ ಆ ಕಿವಿಯನ್ನೇ ಕೊಡುತ್ತಿದ್ದರು. ಬಹಳ ದೂರದಿಂದ ಬರುತ್ತಿರುವ ಮಾತನ್ನು ಕೇಳಿಸಿಕೊಳ್ಳುವವರ ಹಾಗೆ ಕಣ್ಣು ಅರ್ಧ ಮುಚ್ಚುತ್ತಿದ್ದರು.

ನನಗೆ ತಂತಿಗಳ ಮೇಲೆ ಗುಂಡಿ ಒತ್ತಿ ಮೀಟುವ ಬುಲ್‌ಬುಲ್‌ತರಂಗ ಬಾರಿಸುವ ಹುಚ್ಚಿತ್ತು. ಸಂಜೆ ಜಗಲಿಯಲ್ಲಿ ಕೂತು ಭಜನೆಯ ಮಟ್ಟುಗಳನ್ನು ನುಡಿಸುತ್ತಿದ್ದೆ. ಒಂದು ದಿನ ಡ್ಯೂಟಿ ಮುಗಿಸಿ ಬರುತ್ತಿದ್ದ ಪಂಕಜಕ್ಕ ನಿಂತು ಕೇಳಿ, “ಮೇಷ್ಟ್ರೆ, ಅದನ್ನ ಸಿಟ್ಟು ಬಂದೋರ ಹಂಗೆ ಬಾರ್ಸಕ್ಕಾಗಲ್ವಾ?” ಎಂದರು. ನನಗೆ ಅರ್ಥವಾಗಲಿಲ್ಲ. ಅವರೇ ಕೈಚೀಲದಿಂದ ಒಂದು ಕಟ್ಟು ಚೀಟಿ ತೆಗೆದರು. ಎಕ್ಸ್‌ಚೇಂಜಿನಲ್ಲಿ ಬರೆದು ಬಿಸಾಡಿದ ಕಾಗದಗಳು. ಅವುಗಳ ಬೆನ್ನಿಗೆ ಪೆನ್ಸಿಲಿನಲ್ಲಿ ಹಾಡುಗಳು. ಬೀರೂರು ಜಂಕ್ಷನ್ನಿನಲ್ಲಿ ರೈಲು ಕಾಯುವ ಹಾಡು, ಸಕ್ಕರೆ ಬಂತೆಂದು ಸಾಲಿನಲ್ಲಿ ನಿಂತು ನಿಂತು ಸಕ್ಕರೆ ಮುಗಿದು ಹೋಗುವ ಹಾಡು. ಹೆಣ್ಣು ನೋಡಲು ಬಂದವರೆಲ್ಲ ಏನೇನು ತಿಂದು ಹೋದರು ಎಂಬ ಪಟ್ಟಿಯೇ ಒಂದು ಹಾಡಾಗಿತ್ತು. ಅದರ ಹೆಸರು ‘ಉಪ್ಪಿಟ್ಟು’.

ತಾಳಕ್ಕೆ ಸಿಕ್ಕವನು ತರೀಕೆರೆಯ ರುದ್ರೇಶಿ. ಅವನು ತಗಡಿನ ಟ್ರಂಕು ಮಾಡುವವನು. ಪಂಕಜಕ್ಕ ಬಟ್ಟೆ ಇಡಲು ಒಂದು ಟ್ರಂಕು ಮಾಡಿಸಲು ಹೋದವರು ಅವನು ತಗಡು ಬಡಿಯುವುದನ್ನು ನೋಡುತ್ತಾ ಅರ್ಧ ದಿನ ಅಂಗಡಿಯ ಮುಂದೆಯೇ ನಿಂತಿದ್ದರಂತೆ. ಭುಜ ಅಗಲ, ಮಾತು ಕಡಿಮೆ. ‘ಹೂಂ ಅಕ್ಕ’ ಎನ್ನುವುದೇ ಅವನ ಭಾಷಣ. ಭಾನುವಾರ ಅವನು ಬಸ್ಸಿನ ಮೇಲೆ ಎರಡು ಖಾಲಿ ಟ್ರಂಕು, ಒಂದು ತಗಡಿನ ಬಾನಿ ಏರಿಸಿಕೊಂಡು ಅಜ್ಜಂಪುರಕ್ಕೆ ಬರುತ್ತಿದ್ದ. ಹತ್ತಿ ಜಿನ್ನಿನಲ್ಲಿ ನನ್ನ ಸೋದರಮಾವ ಗುಮಾಸ್ತರಾಗಿದ್ದರಿಂದ ಗೋದಾಮಿನ ಬೀಗದ ಕೈ ಸಿಗುತ್ತಿತ್ತು.

ಆ ಗೋದಾಮು ಈಗಲೂ ನನ್ನ ಕಣ್ಣ ಮುಂದೆ ಇದೆ. ಸುಗ್ಗಿ ಮುಗಿದ ಮೇಲೆ ಅಲ್ಲಿ ಹತ್ತಿ ಇರುತ್ತಿರಲಿಲ್ಲ, ಹತ್ತಿಯ ಎಳೆಗಳು ಮಾತ್ರ ಉಳಿದಿರುತ್ತಿದ್ದವು. ಗೋಡೆಗೆ, ತೊಲೆಗೆ, ಜೇಡರ ಬಲೆಗೆ ಅಂಟಿಕೊಂಡು ಇಡೀ ಒಳಗೆಲ್ಲ ತೆಳ್ಳಗೆ ನರೆತ ಹಾಗೆ ಕಾಣುತ್ತಿತ್ತು. ಹೆಂಚಿನ ಸಂದಿನಿಂದ ಇಳಿದ ಬಿಸಿಲುಕೋಲಿನಲ್ಲಿ ಎಳೆಗಳು ತೇಲುತ್ತಿದ್ದವು. ರುದ್ರೇಶಿ ಮೊದಲ ಏಟು ಹಾಕಿದ ಕೂಡಲೇ ಅವೆಲ್ಲ ಒಮ್ಮೆಲೇ ಮೇಲೆದ್ದು, ಹಾಡು ಮುಗಿದ ಎಷ್ಟೋ ಹೊತ್ತಿನ ಮೇಲೆ ನಮ್ಮ ತಲೆಯ ಮೇಲೆ, ಪಂಕಜಕ್ಕನ ರೆಪ್ಪೆಯ ಮೇಲೆ ನಿಧಾನವಾಗಿ ಇಳಿಯುತ್ತಿದ್ದವು. ಅಷ್ಟು ದೊಡ್ಡ ಸದ್ದಿನ ನಡುವೆ ಅಷ್ಟು ನಿಶ್ಶಬ್ದವಾದದ್ದು ಏನೋ ನಡೆಯುತ್ತಿದೆ ಅನ್ನಿಸಿ ನಾನು ಎಷ್ಟೋ ಸಲ ಬಾರಿಸುವುದನ್ನು ಮರೆತಿದ್ದೇನೆ.

ಯಾವ ಹಾಡೂ ಮೂರು ನಿಮಿಷ ದಾಟಬಾರದು ಎಂಬುದು ಪಂಕಜಕ್ಕನ ಕಟ್ಟಪ್ಪಣೆ. ಬೇರೆ ಊರಿಗೆ ಮಾಡುವ ಟ್ರಂಕ್ ಕಾಲ್ ಮೂರು ನಿಮಿಷದ ಲೆಕ್ಕ. ಮುಗಿದರೆ ಅವರೇ ನಡುವೆ ಬಂದು ಹೇಳಬೇಕಿತ್ತು. “ಅಷ್ಟರಲ್ಲೇ ಜನ ಸಾವಿನ ಸುದ್ದಿ ಹೇಳ್ತಾರೆ, ಸಂಬಂಧ ಕುದುರಿಸ್ತಾರೆ, ಅತ್ತು ಸಮಾಧಾನಾನೂ ಆಗ್ತಾರೆ. ನಮ್ಮ ಹಾಡಿಗೇನು ಅದಕ್ಕಿಂತ ಜಾಸ್ತಿ ಹೇಳೋದೈತೆ?” ಎನ್ನುತ್ತಿದ್ದರು.

ನಮ್ಮ ಹೆಸರು ನಾವಿಟ್ಟುಕೊಂಡದ್ದಲ್ಲ. ತರೀಕೆರೆಯ ಯುವಕ ಸಂಘದ ವಾರ್ಷಿಕೋತ್ಸವಕ್ಕೆ ರುದ್ರೇಶಿಯ ಮುಲಾಜಿಗೆ ನಮ್ಮನ್ನು ಕರೆದಿದ್ದರು. ಎರಡನೆಯ ಹಾಡಿಗೆ ಸಂಘದ ಅಧ್ಯಕ್ಷರು ವೇದಿಕೆ ಹತ್ತಿ ಮೈಕನ್ನು ಕೈಗೆ ತೆಗೆದುಕೊಂಡು, ಇದು ಸಂಗೀತವಲ್ಲ, ಬರೀ ತಗಡು ಎಂದು ಸಭೆಯ ಕ್ಷಮೆ ಕೇಳಿದರು. ಪಂಕಜಕ್ಕ ಅವರ ಮಾತು ಮುಗಿಯುವವರೆಗೆ ಎಡಗಿವಿ ಕೊಟ್ಟು ವಿನಯದಿಂದ ಕೇಳಿಸಿಕೊಂಡರು. ಆಮೇಲೆ ಮೈಕಿಲ್ಲದೆಯೇ ಉಳಿದ ಆರು ಹಾಡನ್ನೂ ಹಾಡಿದರು. ಅರ್ಧ ಜನ ಎದ್ದು ಹೋದರು. ಉಳಿದರ್ಧ ಜನ ಬೆಂಚು ಗುದ್ದುತ್ತಿದ್ದರು. ಬರುವಾಗ ಬಸ್ಸಿನಲ್ಲಿ ಪಂಕಜಕ್ಕ, “ಹೆಸ್ರು ಸಿಕ್ತಲ್ಲ ಮೇಷ್ಟ್ರೆ” ಎಂದು ನಕ್ಕರು. ಹೀಗೆ ನಾವು ‘ತಗಡು’ ಆದೆವು.

ಮಿಲಿಟರಿಯಲ್ಲಿದ್ದ ಪಂಕಜಕ್ಕನ ಅಣ್ಣ ಕ್ಯಾಂಟೀನಿನಿಂದ ಒಂದು ಟೇಪ್ ರೆಕಾರ್ಡರ್ ತಂದುಕೊಟ್ಟಿದ್ದರು. ಅದನ್ನು ಗೋದಾಮಿನ ಗೋಣಿಚೀಲಗಳ ಕಟ್ಟಿನ ಮೇಲಿಟ್ಟು ಒಂದೇ ಮಧ್ಯಾಹ್ನದಲ್ಲಿ ಹನ್ನೆರಡು ಹಾಡು ರೆಕಾರ್ಡ್ ಮಾಡಿದೆವು. ಕ್ಯಾಸೆಟ್ಟು ಬೇಕಾದವರು ಖಾಲಿ ಕ್ಯಾಸೆಟ್ಟು ತಂದುಕೊಡಬೇಕು; ಪಂಕಜಕ್ಕ ಇನ್ನೊಂದು ಟೇಪ್ ರೆಕಾರ್ಡರ್ ಎರವಲು ತಂದು, ಎರಡರ ನಡುವೆ ತಂತಿ ಎಳೆದು, ಪ್ರತಿಯೊಂದು ಪ್ರತಿಯನ್ನೂ ಮೊದಲಿನಿಂದ ಕೊನೆಯವರೆಗೆ ಕೂತು ಕೇಳುತ್ತಾ ಮಾಡಿಕೊಡುತ್ತಿದ್ದರು. ಹೊದಿಕೆಯ ಚಿತ್ರ ನನ್ನದು: ಬಾಯಿ ತೆರೆದ ಟ್ರಂಕು. ಪ್ರತಿ ಹೊದಿಕೆಯನ್ನೂ ಕೈಯಲ್ಲೇ ಬರೆದೆ. ಒಟ್ಟು ಮೂವತ್ತೆರಡು ಪ್ರತಿಗಳು. ಯಾವುದು ಯಾರಿಗೆ ಹೋಯಿತೆಂದು ಒಂದು ಎಕ್ಸರ್‌ಸೈಜ್ ಪುಸ್ತಕದಲ್ಲಿ ಪಂಕಜಕ್ಕ ಬರೆದಿಡುತ್ತಿದ್ದರು.

ನನ್ನ ಸಹೋದ್ಯೋಗಿಯೊಬ್ಬರ ತಮ್ಮ ಬೆಂಗಳೂರಿನಲ್ಲಿ ಓದುತ್ತಿದ್ದ. ರಜಕ್ಕೆ ಬಂದಾಗ ನಮ್ಮ ಕ್ಯಾಸೆಟ್ಟು ಕೇಳಿ ದಂಗಾಗಿ ಹುಡುಕಿಕೊಂಡು ಬಂದ. ಹೊರದೇಶದಲ್ಲಿ ಹುಡುಗರು ಹೀಗೇ ಯಾವ ಕಂಪನಿಯ ಹಂಗೂ ಇಲ್ಲದೆ ಗಲಾಟೆಯ ಹಾಡು ಕಟ್ಟಿ ತಾವೇ ರೆಕಾರ್ಡ್ ಮಾಡಿ ಹಂಚುತ್ತಾರಂತೆ, ಅದಕ್ಕೆ ‘ಪಂಕ್’ ಎನ್ನುತ್ತಾರಂತೆ. ಪಂಕಜಕ್ಕ ಯೋಚನೆ ಮಾಡಿ ಹೇಳಿದರು: “ಪಂಕ ಅಂದ್ರೆ ಕೆಸರು ಕಣಪ್ಪ. ಸರಿಯಾಗೇ ಇಟ್ಟವ್ರೆ ಹೆಸ್ರು. ನಮ್ಮಪ್ಪ ನಂಗೆ ಅವರಿಗಿಂತ ಮುಂಚೇನೇ ಇಟ್ಟಿದ್ರು.”

ಆ ಹನ್ನೆರಡರಲ್ಲಿ ಏಳನೆಯ ಹಾಡು ಎಲ್ಲಕ್ಕಿಂತ ಜನಪ್ರಿಯವಾಯಿತು. ಅದರಲ್ಲಿ ಇದ್ದುದು ನಾಲ್ಕೇ ಸಾಲು. ‘ಕೇಳಿಸ್ತದೇನೋ ತಮ್ಮಾ’ ಎಂದು ಶುರುವಾಗಿ, ‘ನೀನು ಹೇಳಿದ ಜಾಗದಲ್ಲೇ ನೀರು ಬಂತು ಕಣೋ, ನೀರು ಬಂತು ಕಣೋ’ ಎಂದು ಮತ್ತೆ ಮತ್ತೆ ಕೂಗುತ್ತಾ ಹೋಗುತ್ತಿತ್ತು. ರುದ್ರೇಶಿ ಬಾನಿಯನ್ನು ಬೋರಲು ಹಾಕಿ ಎರಡು ಸುತ್ತಿಗೆಯಲ್ಲಿ ಬಡಿಯುತ್ತಿದ್ದ. ಜನ ಅದನ್ನು ನಲ್ಲಿಯ ಹಾಡು ಎಂದು ತಿಳಿದರು. ಕಡೂರಿನಲ್ಲಿ ನಲ್ಲಿ ನೀರು ಬಂದ ಕೂಡಲೇ ಬೀದಿಯ ಹೆಂಗಸರು ಬಿಂದಿಗೆ ಬಡಿಯುತ್ತಾ ‘ನೀರು ಬಂತು ಕಣೋ’ ಎಂದು ಹಾಡಿ ನಗುತ್ತಿದ್ದರು. ನಾನೂ ಹಾಗೇ ತಿಳಿದಿದ್ದೆ. ಪಂಕಜಕ್ಕ ಯಾರನ್ನೂ ತಿದ್ದಲಿಲ್ಲ.

ಒಂದು ಸಂಜೆ ರೈಲಿಳಿದು ಬಂದಾಗ ಪಂಕಜಕ್ಕ ನಮ್ಮ ಜಗಲಿಯಲ್ಲಿ ಕೂತಿದ್ದರು. ಡ್ಯೂಟಿಯ ಸೀರೆ ಬದಲಾಯಿಸಿರಲಿಲ್ಲ. ಆ ದಿನ ಎಕ್ಸ್‌ಚೇಂಜಿಗೆ ದೇವನೂರಿನಿಂದ ಹಾಲಪ್ಪ ಎಂಬುವರು ಬಂದಿದ್ದರು ಎಂದು ಶುರುಮಾಡಿ, ಎಲ್ಲವನ್ನೂ ಹೇಳಿದರು.

ಹಾಲಪ್ಪನವರಿಗೆ ಒಬ್ಬ ತಮ್ಮ. ತೆಂಗಿನ ತೋಟಕ್ಕೆ ಬಾವಿ ಎಲ್ಲಿ ತೋಡಬೇಕು ಎಂಬ ಮಾತಿಗೆ ಅಣ್ಣತಮ್ಮಂದಿರಿಗೆ ಜಗಳವಾಗಿ, ತಮ್ಮ ಬೊಂಬಾಯಿಗೆ ಹೋಗಿ ಮಿಲ್ಲು ಸೇರಿ, ಹತ್ತು ವರ್ಷ ಮಾತು ನಿಂತಿತ್ತು. ತಮ್ಮ ಆಸ್ಪತ್ರೆಯಲ್ಲಿದ್ದಾನೆ ಎಂಬ ಕಾಗದ ಬಂದಾಗ ಹಾಲಪ್ಪನವರು ಕಡೂರಿಗೆ ಬಂದು ಟ್ರಂಕ್ ಕಾಲ್ ಬುಕ್ ಮಾಡಿದರು. ಮಧ್ಯಾಹ್ನ ಲೈನು ಸಿಕ್ಕಿತು. ಆದರೆ ಆ ಕಡೆಯದು ಈ ಕಡೆಗೆ ಕೇಳದು, ಈ ಕಡೆಯದು ಆ ಕಡೆಗೆ ಕೇಳದು. ನಡುವೆ ಕೂತ ಪಂಕಜಕ್ಕನಿಗೆ ಮಾತ್ರ ಎರಡೂ ತೆಳ್ಳಗೆ ಕೇಳುತ್ತಿತ್ತು. ಅಂಥ ಹೊತ್ತಿನಲ್ಲಿ ಆಪರೇಟರುಗಳು ತಾವೇ ಮಾತು ದಾಟಿಸುವುದುಂಟು. ‘ನೀನು ಹೇಳಿದ ಜಾಗದಲ್ಲೇ ಬಾವಿ ತೋಡಿಸ್ದೆ ಕಣೋ, ನೀರು ಬಂತು’ ಎಂದು ಹಾಲಪ್ಪನವರು ಕೂಗುತ್ತಿದ್ದರು. ಅದನ್ನೇ ಪಂಕಜಕ್ಕ ಬೊಂಬಾಯಿಗೆ ಕೂಗಿ ಹೇಳಿ, ‘ಅಣ್ಣಾ, ಬತ್ತೀನಿ’ ಎಂಬ ಉತ್ತರವನ್ನು ಹಾಲಪ್ಪನವರಿಗೆ ದಾಟಿಸಿದರು. ಮೂರು ನಿಮಿಷ ಮುಗಿದರೂ ಲೈನು ತೆಗೆಯಲಿಲ್ಲ. ನಾಲ್ಕು ದಿನಕ್ಕೆ ತಮ್ಮ ತೀರಿಕೊಂಡ.

ಆ ಮಾತು ಪಂಕಜಕ್ಕನ ಕಿವಿಯಿಂದ ಹೋಗಲಿಲ್ಲ. ಮಲಗಿದರೆ ಅದೇ, ಎದ್ದರೆ ಅದೇ. ಅದನ್ನೇ ಏಳನೆಯ ಹಾಡಾಗಿ ಕಟ್ಟಿ ಹಾಡಿದ ಮೇಲೆ ಸ್ವಲ್ಪ ಹಗುರವಾಯಿತಂತೆ.

ಹಾಲಪ್ಪನವರು ಅದನ್ನು ಕೇಳಿದ್ದು ದೇವನೂರಿನ ಬಸ್ಸಿನಲ್ಲಿ. ಡ್ರೈವರು ನಮ್ಮ ಕ್ಯಾಸೆಟ್ಟು ಹಾಕಿದ್ದ. ಬಸ್ಸಿನ ಜನ ಸೀಟು ಬಡಿಯುತ್ತಾ ‘ನೀರು ಬಂತು ಕಣೋ’ ಎಂದು ಜೊತೆಗೆ ಕೂಗಿ ನಗುತ್ತಿದ್ದರು. ಹಾಲಪ್ಪನವರು ದಾರಿಯಲ್ಲೇ ಇಳಿದು, ನಡೆದು ಮನೆಗೆ ಹೋದರು. ಮಾರನೆಯ ದಿನ ಎಕ್ಸ್‌ಚೇಂಜಿಗೆ ಬಂದರು. ಬೈಯಲಿಲ್ಲ. ಪಂಕಜಕ್ಕನಿಗೆ ಕೈ ಮುಗಿದು ಹೀಗೆ ಕೇಳಿದರಂತೆ: “ನನ್ನ ಮಾತು ನಿಮ್ಮ ಕಿವಿಗೆ ಹೆಂಗ್ ಬಿತ್ತು ಅಂತ ಗೊತ್ತು ತಾಯಿ. ಬಸ್ಸಲ್ಲಿರೋ ಜನಕ್ಕೆ ಹೆಂಗ್ ಬಿತ್ತು?”

ಇದನ್ನು ನನಗೆ ಹೇಳುವಾಗ ಪಂಕಜಕ್ಕ ಸರ್ಕಾರದ ದನಿಯಲ್ಲೇ ಹೇಳಿದರು, ಒಂದು ಅಕ್ಷರ ಏರಲಿಲ್ಲ. ಕಿವಿಗೆ ಬಿದ್ದದ್ದನ್ನು ಹೊರಗೆ ಹೇಳಬಾರದು ಎಂಬುದು ಆ ಕೆಲಸದ ಮೊದಲ ನಿಯಮ. ಮೇಲಿನವರಿಗೆ ದೂರಿನ ಒಂದು ಅರ್ಜಿ ಹೋದರೆ ನೌಕರಿ ಉಳಿಯುತ್ತಿರಲಿಲ್ಲ. ತಾಯಿ, ಮಗಳು ಇಬ್ಬರೂ ಬದುಕುತ್ತಿದ್ದುದು ಅದರಲ್ಲೇ. ಪಂಕಜಕ್ಕ ಆ ಅರ್ಜಿಯನ್ನು ತಾವೇ ಬರೆದರು. ತಪ್ಪೆಲ್ಲ ತಮ್ಮದೇ ಎಂದು ಬರೆದು, ಸಹಿ ಹಾಕಿ, ಹಾಲಪ್ಪನವರ ಕೈಗೆ ಕೊಟ್ಟು, ಯಾರಿಗೆ ಕೊಡಬೇಕೆಂಬುದನ್ನೂ ಹೇಳಿದರು. ಅವರು ಅದನ್ನು ಓದದೆ ಮಡಿಸಿ ಜೇಬಿನಲ್ಲಿಟ್ಟುಕೊಂಡು ಹೋದರು.

ಆಮೇಲಿನ ಎರಡು ತಿಂಗಳು ಪಂಕಜಕ್ಕ ರಜೆ ಸಿಕ್ಕಾಗಲೆಲ್ಲ ಆ ಎಕ್ಸರ್‌ಸೈಜ್ ಪುಸ್ತಕ ಹಿಡಿದು ತಿರುಗಿದರು. ಬೀರೂರು, ತರೀಕೆರೆ, ಅಜ್ಜಂಪುರ, ಬಸ್ಸು ಹೋಗುವ ಹಳ್ಳಿ, ಬಸ್ಸು ಹೋಗದ ಹಳ್ಳಿ. ಎಷ್ಟೋ ಕಡೆ ನಾನೂ ಜೊತೆಗೆ ಹೋದೆ. ಏಳನೆಯ ಹಾಡು ಅಳಿಸಿ ಕ್ಯಾಸೆಟ್ಟು ವಾಪಸು ಕೊಡುತ್ತೇವೆ ಎಂದರೆ ಜನ ಕೊಡಲು ಒಪ್ಪುತ್ತಿರಲಿಲ್ಲ. ಅದೇ ಹಾಡಿಗಾಗಿಯೇ ಇಟ್ಟುಕೊಂಡಿದ್ದೇವೆ ಎನ್ನುತ್ತಿದ್ದರು. ಕಾರಣ ಹೇಳುವ ಹಾಗಿರಲಿಲ್ಲ. ಹೇಳಿದರೆ ಅದೇ ತಪ್ಪು ಇನ್ನೊಂದು ಸಲ ಮಾಡಿದಂತೆ. ದೇವನೂರಿನ ಬಸ್ಸಿನ ಡ್ರೈವರು ಕ್ಯಾಸೆಟ್ಟು ಕಳೆದುಹೋಯಿತೆಂದು ಸುಳ್ಳು ಹೇಳಿದ. ಪಂಕಜಕ್ಕ ಬಸ್ಸಿನ ಮೆಟ್ಟಿಲ ಬಳಿ ನಿಂತು, “ಅದು ನನ್ನ ಮಾತಲ್ಲ ಅಣ್ಣಾ. ಕೇಳ್ದೆ ತಗಂಡಿದ್ದೆ, ವಾಪಸ್ ಕೊಡ್ಬೇಕು” ಎಂದರು. ಅವನು ಸೀಟಿನ ಕೆಳಗಿನಿಂದ ಕ್ಯಾಸೆಟ್ಟು ತೆಗೆದುಕೊಟ್ಟ.

ಮೂಲ ಕ್ಯಾಸೆಟ್ಟನ್ನಾದರೂ ಹಾಗೇ ಇಡೋಣ, ಯಾರಿಗೂ ಕೇಳಿಸದಿದ್ದರಾಯಿತು ಎಂದು ನಾನು ಬೇಡಿಕೊಂಡೆ. ಆ ಹಾಡಿನಷ್ಟು ಚೆನ್ನಾಗಿ ನಾವು ಮತ್ತೆಂದೂ ಬಾರಿಸಲಾರೆವು ಎಂದು ನನಗೆ ಗೊತ್ತಿತ್ತು. ಪಂಕಜಕ್ಕ ಕೇಳಲಿಲ್ಲ. ಇದ್ದರೆ ಒಂದಲ್ಲ ಒಂದು ದಿನ ಹಾಕಿ ಕೇಳುತ್ತೀರಿ ಎಂದರು.

ಅಳಿಸುವ ಕೆಲಸಕ್ಕೂ ನಾವು ಮೂವರೂ ಗೋದಾಮಿಗೇ ಹೋದೆವು. ಅದು ಪಂಕಜಕ್ಕನ ಹಟ. ಸುಮ್ಮನೆ ಖಾಲಿ ಬಿಟ್ಟರೆ ಕ್ಯಾಸೆಟ್ಟು ಕೆಟ್ಟಿದೆ ಎಂದು ಜನ ತಿಳಿಯುತ್ತಾರೆ. ನಾವು ಇದ್ದೇವೆ, ಇದ್ದೂ ಸುಮ್ಮನಿದ್ದೇವೆ ಎಂದು ಗೊತ್ತಾಗಬೇಕು ಎಂದರು. ಮೂಲ ಕ್ಯಾಸೆಟ್ಟಿನ ಏಳನೆಯ ಹಾಡು ಬರುವ ಜಾಗಕ್ಕೆ ಟೇಪು ತಂದು, ರೆಕಾರ್ಡಿನ ಗುಂಡಿ ಒತ್ತಿ, ಮೂವರೂ ಬಾಯಿ ಮುಚ್ಚಿ ಕೂತೆವು. ರುದ್ರೇಶಿ ಸುತ್ತಿಗೆಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ತೊಲೆಯ ಮೇಲೆ ಪಾರಿವಾಳಗಳು ಗುಟುರು ಹಾಕಿದವು. ದೂರದಲ್ಲಿ ಗೂಡ್ಸ್ ಗಾಡಿಯೊಂದು ಅಜ್ಜಂಪುರ ಸ್ಟೇಷನ್ ದಾಟಿತು. ಹತ್ತಿಯ ಎಳೆಗಳು ಬಿಸಿಲಿನಲ್ಲಿ ನಿಂತೇ ಇದ್ದವು. ಎರಡೂವರೆ ನಿಮಿಷ. ಮನುಷ್ಯ ಸುಮ್ಮನಿರುವುದಕ್ಕೆ ಅದು ಎಷ್ಟು ದೀರ್ಘ ಎಂದು ನನಗೆ ಅಂದು ತಿಳಿಯಿತು.

ಮೂವತ್ತೆರಡು ಕ್ಯಾಸೆಟ್ಟುಗಳೂ ಅದರಿಂದ ಮತ್ತೆ ಪ್ರತಿಯಾಗಿ ಹೊಸದಾಗಿ ಹೊರಟವು. ಹೊದಿಕೆಗೆ ಮುಚ್ಚಿದ ಟ್ರಂಕು ಬರೆದೆ. ಆ ಜಾಗ ಬಂದಾಗ ಬಸ್ಸಿನಲ್ಲಿ ಮಾತಾಡುತ್ತಿದ್ದವರೂ ಮಾತು ನಿಲ್ಲಿಸುತ್ತಾರೆ ಎಂದು ಡ್ರೈವರು ಮುಂದೊಮ್ಮೆ ಪಂಕಜಕ್ಕನಿಗೆ ಹೇಳಿದನಂತೆ. ಅರ್ಜಿಯ ವಿಷಯ ಏನೂ ತಿಳಿಯಲಿಲ್ಲ. ಎಕ್ಸ್‌ಚೇಂಜಿಗೆ ಬೂದುಬಣ್ಣದ ಸರ್ಕಾರಿ ಲಕೋಟೆ ಬಂದಾಗಲೆಲ್ಲ ಅದು ತಮ್ಮದೇ ಎಂದುಕೊಂಡು ಅವರು ಎಷ್ಟೋ ತಿಂಗಳು ಕಳೆದರು. ನಮ್ಮ ಭಾನುವಾರಗಳು ತಾವಾಗಿಯೇ ತೆಳುವಾದವು. ನನಗೆ ಮದುವೆಯಾಯಿತು. ರುದ್ರೇಶಿಯ ಅಂಗಡಿ ದೊಡ್ಡದಾಯಿತು.

ಆರೇಳು ವರ್ಷ ಕಳೆದಿರಬೇಕು. ಒಂದು ಬೆಳಿಗ್ಗೆ ನಾನು ಪಂಕಜಕ್ಕನ ಮನೆಯ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದಾಗ, ಬಿಳಿ ರುಮಾಲಿನ ಹಿರಿಯರೊಬ್ಬರು ಹದಿನೈದು ಹದಿನಾರರ ಹುಡುಗಿಯ ಜೊತೆ ಬಂದು ನಿಂತರು. ಪಂಕಜಕ್ಕ ಎದ್ದ ರೀತಿಯಲ್ಲೇ ಅವರು ಹಾಲಪ್ಪನವರು ಎಂದು ನನಗೆ ಗೊತ್ತಾಯಿತು.

ಇಬ್ಬರೂ ಜಗಲಿಯ ಮೇಲೆ ಕೂತರು. ಹುಡುಗಿ ಅವರ ತಮ್ಮನ ಮಗಳು, ಹೆಸರು ಸುಮ. ಮೊದಲ ಸಲ ಊರಿಗೆ ಬಂದಿದ್ದಳು. ಅಪ್ಪ ತೀರಿಕೊಂಡಾಗ ಅವಳು ಚಿಕ್ಕವಳು. ದೊಡ್ಡಪ್ಪನ ಜೊತೆ ಅಪ್ಪ ಕೊನೆಗೆ ಏನು ಮಾತಾಡಿದರು ಎಂಬುದು ಅವಳ ಒಂದೇ ಪ್ರಶ್ನೆ. ನನಗೆ ಅದನ್ನು ಹೇಳಲು ಬರುವುದಿಲ್ಲ, ಬಾಯಿ ಕಟ್ಟುತ್ತದೆ, ಆ ಹಾಡು ಇದ್ದರೆ ಇವಳಿಗೆ ಕೇಳಿಸಿ ಎಂದು ಹಾಲಪ್ಪನವರು ಕೇಳಿದರು. ಆ ಹಾಡು ಎಲ್ಲೂ ಉಳಿದಿಲ್ಲ ಎಂದು ಪಂಕಜಕ್ಕ ಹೇಳಿದರು. ಹಾಲಪ್ಪನವರು ತಲೆಯಾಡಿಸಿದರು. ಒಂದೂ ಇಲ್ಲವೇ ಎಂದು ಇನ್ನೊಮ್ಮೆ ಕೇಳಿದರು.

ಆಗ ಪಂಕಜಕ್ಕ ಕೆಳಗೆ, ಅವರ ಕಾಲಬಳಿ ಕೂತರು.

“ಹಾಲಪ್ಪೋರೆ, ನಾನು ಇನ್ನೊಂದು ತಪ್ಪು ಮಾಡಿವ್ನಿ. ಹಾಡಿಗಿಂತ ದೊಡ್ಡದು. ಅವತ್ತು ನಿಮ್ಮ ತಮ್ಮ ‘ಅಣ್ಣಾ, ಬತ್ತೀನಿ’ ಅಂತಾವ್ರೆ ಅಂತ ನಿಮಗೆ ಹೇಳಿದ್ನಲ್ಲ. ಅವರು ಹಂಗೆ ಅನ್ಲಿಲ್ಲ.”

ನಾನು ಲೋಟ ಕೆಳಗಿಟ್ಟೆ. ಇದು ನನಗೂ ಗೊತ್ತಿರಲಿಲ್ಲ.

ಹಾಲಪ್ಪನವರಿಗೆ ಆಶ್ಚರ್ಯವಾದ ಹಾಗೆ ಕಾಣಲಿಲ್ಲ. “ಗೊತ್ತಿತ್ತು ತಾಯಿ,” ಎಂದರು. “ನಮ್ಮಿಬ್ಬರಿಗೂ ಒಂದೂವರೆ ವರ್ಷದ ಅಂತರ. ಅವ್ನು ನನ್ನ ‘ಹಾಲ’ ಅಂತಾನೇ ಕರೀತಿದ್ದ. ಅಣ್ಣ ಅಂತ ಒಂದಿನ ಅಂದೋನಲ್ಲ. ನೀವು ‘ಅಣ್ಣಾ’ ಅಂದಾಗ್ಲೇ ಅದು ಅವನ ಮಾತಲ್ಲ ಅಂತ ತಿಳೀತು. ಬಾಯಿಗ್ ಬಂದಂಗೆ ಬೈದಿರ್ಬೇಕು, ನೀವು ಮರೆಮಾಚಿದ್ರಿ ಅನ್ಕಂಡೆ. ಇಷ್ಟ್ ವರ್ಷಾನೂ ಅದೇ ಅನ್ಕಂಡಿವ್ನಿ.”

“ಬೈಲಿಲ್ಲ,” ಎಂದರು ಪಂಕಜಕ್ಕ. “‘ಬರಲ್ಲ ಅನ್ನಿ. ಸಿಟ್ಟಿಲ್ಲ ಅನ್ನಿ’ ಅಂದ್ರು. ಎರಡೇ ಮಾತು.”

ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತಾ ಹೋದರು. ಹಾಲಪ್ಪನವರು ರುಮಾಲು ಬಿಚ್ಚಿ ಮಡಿಲಲ್ಲಿಟ್ಟುಕೊಂಡರು. ನರೆತ ಕೂದಲು ಬೆವರಿಗೆ ಹಣೆಗೆ ಅಂಟಿತ್ತು. ಮಗುವನ್ನು ಕೇಳುವ ಹಾಗೆ ಕೇಳಿದರು:

“ಸಿಟ್ಟಿಲ್ಲ ಅಂದಿದ್ನ ಯಾಕೆ ತಾಯಿ ಬಿಟ್ರಿ?”

ಬತ್ತೀನಿ ಅಂದರೆ ಅದರಲ್ಲಿ ಎಲ್ಲ ಬಂತು ಎಂದುಕೊಂಡೆ ಎಂದು ಪಂಕಜಕ್ಕ ಹೇಳಿದರು. ಆ ಹೊತ್ತಿಗೆ ಅವರ ದನಿ ನನಗೆ ಪರಿಚಯವಿದ್ದ ಎರಡು ಗಂಟಲುಗಳಲ್ಲಿ ಯಾವುದರದೂ ಆಗಿರಲಿಲ್ಲ. ಸುಮ ಎದ್ದು ಬಂದು ದೊಡ್ಡಪ್ಪನ ಬೆನ್ನ ಮೇಲೆ ಕೈಯಿಟ್ಟಳು. ಅವಳ ಮುಖದಲ್ಲಿ ದುಃಖಕ್ಕಿಂತ ಹೆಚ್ಚಾಗಿ, ಬಹಳ ದಿನದಿಂದ ಹುಡುಕುತ್ತಿದ್ದದ್ದು ಕೈಗೆ ಸಿಕ್ಕವರ ನಿರಾಳವಿತ್ತು. ‘ಸಿಟ್ಟಿಲ್ಲ ಅನ್ನಿ’ ಎಂದು ತನ್ನಷ್ಟಕ್ಕೆ ಒಮ್ಮೆ ಹೇಳಿಕೊಂಡಳು. ಅವಳ ಕನ್ನಡಕ್ಕೆ ಬೊಂಬಾಯಿಯ ಎಳೆತವಿತ್ತು.

ಹೊರಡುವ ಮುಂಚೆ ಹಾಲಪ್ಪನವರು ಪಂಕಜಕ್ಕನಿಗೆ ಒಂದು ಮಾತು ಹೇಳಿದರು. ಆ ಹಾಡನ್ನು ಇನ್ನೊಮ್ಮೆ ಹಾಡಿ, ಆದರೆ ಅವನು ಹೇಳಿದ್ದನ್ನೂ ಸೇರಿಸಿ ಹಾಡಿ, ಬಸ್ಸಿನವರು ಕೇಳಿದರೂ ಪರವಾಗಿಲ್ಲ ಎಂದರು.

ಮುಂದಿನ ಭಾನುವಾರ ತರೀಕೆರೆಯಿಂದ ರುದ್ರೇಶಿ ಟ್ರಂಕು, ಬಾನಿಗಳೊಂದಿಗೆ ಬಂದ. ಹೊಟ್ಟೆ ಬಂದಿತ್ತು, ಉಸಿರು ಕಟ್ಟುತ್ತಿತ್ತು. ನನ್ನ ಬುಲ್‌ಬುಲ್‌ತರಂಗದ ಎರಡು ತಂತಿ ತುಕ್ಕು ಹಿಡಿದಿದ್ದವು. ಹಾಲಪ್ಪನವರೂ ಸುಮಳೂ ಗೋದಾಮಿನ ಗೋಡೆಗೆ ಒರಗಿ ಗೋಣಿಚೀಲದ ಮೇಲೆ ಕೂತರು. ನ್ಯಾಯವಾಗಿ ಹೇಳಬೇಕೆಂದರೆ ಆ ದಿನ ನಾವು ಚೆನ್ನಾಗಿ ಬಾರಿಸಲಿಲ್ಲ. ತಾಳ ಎರಡು ಕಡೆ ಜಾರಿತು. ಪಂಕಜಕ್ಕ ಮೊದಲ ಸಾಲುಗಳನ್ನು ಹಿಂದಿನ ಹಾಗೇ ಕೂಗಿ ಹಾಡಿದರು. ‘ನೀರು ಬಂತು ಕಣೋ’ ಎಂಬಲ್ಲಿ ಹತ್ತಿಯ ಎಳೆಗಳೆಲ್ಲ ಎದ್ದವು. ಆಮೇಲೆ ಅವರು ರುದ್ರೇಶಿಯ ಕಡೆ ಕೈ ಎತ್ತಿದರು. ಅವನು ಸುತ್ತಿಗೆ ತಡೆದ. ‘ಬರಲ್ಲ ಅನ್ನಿ, ಸಿಟ್ಟಿಲ್ಲ ಅನ್ನಿ’ ಎಂಬ ಎರಡು ಮಾತನ್ನು ಹಾಡಲಿಲ್ಲ, ಕೂಗಲಿಲ್ಲ, ಎಕ್ಸ್‌ಚೇಂಜಿನಲ್ಲಿ ಕೂತು ದಾಟಿಸುವ ಹಾಗೆ ಒಂದೊಂದೇ ಅಕ್ಷರವನ್ನು ಸ್ಪಷ್ಟವಾಗಿ ಹೇಳಿದರು. ಹಾಲಪ್ಪನವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಹಾಡು ಮುಗಿದ ಮೇಲೆ ಜೇಬಿನಿಂದ ಮಡಿಕೆ ಹರಿದ ಒಂದು ಕಾಗದ ತೆಗೆದು ಪಂಕಜಕ್ಕನ ಕೈಗಿಟ್ಟರು. ಅದೇ ಅರ್ಜಿ. ಇದನ್ನು ನಾನು ಓದಿಲ್ಲ ತಾಯಿ, ನನಗೆ ಅಕ್ಷರ ಬರುವುದಿಲ್ಲ ಎಂದರು.

ಆ ದಿನದ ಹಾಡನ್ನು ಏಳನೆಯ ಜಾಗಕ್ಕೆ ರೆಕಾರ್ಡ್ ಮಾಡಿದ್ದೆವು. ಆ ಮೂರನೆಯ ಬಾರಿಯ ಕ್ಯಾಸೆಟ್ಟಿಗಾಗಿ ಪಂಕಜಕ್ಕ ಹಳೆಯ ಪುಸ್ತಕ ಹಿಡಿದು ಇನ್ನೊಂದು ಸುತ್ತು ತಿರುಗಿದರು. ಈ ಸಲ ಸಿಕ್ಕದ್ದು ಹತ್ತೊಂಬತ್ತೇ. ಉಳಿದವು ಹರಿದಿದ್ದವು, ಇಲ್ಲವೇ ಅವುಗಳ ಮೇಲೆ ಬೇರೇನೋ ರೆಕಾರ್ಡ್ ಆಗಿತ್ತು. ಒಂದೆರಡು ಮನೆಯವರು ಸುಮ್ಮನಿರುವ ಆ ಜಾಗವೇ ನಮಗಿಷ್ಟ, ಹಾಗೇ ಬಿಡಿ ಎಂದು ಕೊಡಲಿಲ್ಲ. ಹೊದಿಕೆಗೆ ನಾನು ಒಂದು ತೆಂಗಿನ ಸಸಿ ಬರೆದೆ. ಆಮೇಲೆ ‘ತಗಡು’ ಮತ್ತೆ ಸೇರಲಿಲ್ಲ. ಜಗಳವೇನೂ ಇಲ್ಲ. ಹೇಳಬೇಕಾದದ್ದು ಮುಗಿದಿತ್ತು.

ಎಂಬತ್ತರ ದಶಕದ ಕೊನೆಗೆ ಕಡೂರಿನ ಎಕ್ಸ್‌ಚೇಂಜು ಆಟೋಮ್ಯಾಟಿಕ್ ಆಯಿತು. ನಂಬರ್ ಕೇಳುವವರು ಬೇಡವಾದರು. ಅಷ್ಟರಲ್ಲಿ ತಾಯಿ ತೀರಿಕೊಂಡಿದ್ದರು. ಪಂಕಜಕ್ಕನಿಗೆ ಗುಲ್ಬರ್ಗದ ಕಡೆಗೆ ವರ್ಗವಾಯಿತು. ಅಲ್ಲಿಂದ ಮೂರು ನಾಲ್ಕು ಕಾಗದ ಬಂದವು: ಊರಿನ ಸೆಕೆ, ಜೋಳದ ರೊಟ್ಟಿ, ಹೊಸ ಆಫೀಸಿನ ಹುಡುಗಿಯರ ಮಾತು. ಹಾಡಿನ ಸುದ್ದಿ ಯಾವುದರಲ್ಲೂ ಇರಲಿಲ್ಲ. ಆಮೇಲೆ ಒಂದು ದಿನ ಅವರ ಅಣ್ಣ ಬರೆದ ಕಾಗದ ಬಂತು. ಪಂಕಜಕ್ಕ ಜ್ವರ ಬಂದು ಎಂಟು ದಿನಕ್ಕೇ ಹೋದರಂತೆ. ಅಷ್ಟು ದೂರ ಹೋಗುವ ಹೊತ್ತಿಗೆ ಎಲ್ಲ ಮುಗಿದಿರುತ್ತಿತ್ತು. ಆ ಕಾಗದ ಹಿಡಿದು ತರೀಕೆರೆಗೆ ಹೋಗಿ ರುದ್ರೇಶಿಗೆ ಓದಿ ಹೇಳಿದೆ. ಅವನು ಮಾಡುತ್ತಿದ್ದ ಟ್ರಂಕನ್ನು ಹಾಗೇ ಬಿಟ್ಟು ಅಂಗಡಿಯ ಬಾಗಿಲು ಹಾಕಿದ. ಇಬ್ಬರೂ ಸಂಜೆಯವರೆಗೆ ಕೆರೆಯ ಏರಿಯ ಮೇಲೆ ಕೂತಿದ್ದೆವು.

ನಾನು ಪಂಕಜಕ್ಕನನ್ನು ಕೊನೆಯ ಸಲ ನೋಡಿದ್ದು ಕಡೂರು ಸ್ಟೇಷನ್ನಿನಲ್ಲಿ, ಅವರು ವರ್ಗವಾಗಿ ಹೊರಟ ದಿನ. ರೈಲು ಅರಸೀಕೆರೆಯನ್ನೇ ಇನ್ನೂ ಬಿಟ್ಟಿಲ್ಲ, ಎರಡು ಗಂಟೆ ತಡ ಎಂದರು. ಸಾಮಾನು ಕಟ್ಟಿ ಕಟ್ಟಿ ಪಂಕಜಕ್ಕ ಸೋತಿದ್ದರು. ಕಲ್ಲುಬೆಂಚಿನ ಮೇಲೆ ಕೈಚೀಲಕ್ಕೆ ತಲೆಯಿಟ್ಟು, ಒಂದು ಗಳಿಗೆ ಎಂದು ಒರಗಿದವರು ಹಾಗೇ ನಿದ್ದೆ ಹೋದರು. ಕೊಬ್ಬರಿ ಚೀಲ ಹೊರುವವರು ಕೂಗಾಡುತ್ತಿದ್ದರು, ಕಡಲೆಕಾಯಿಯವನು ಬಂದು ಹೋದ, ಒಂದು ಗೂಡ್ಸು ಇಡೀ ಪ್ಲಾಟ್‌ಫಾರಂ ನಡುಗಿಸುತ್ತಾ ದಾಟಿತು. ಅವರಿಗೆ ಎಚ್ಚರವಾಗಲಿಲ್ಲ. ಬೇವಿನ ಮರದ ನೆರಳು ನಿಧಾನವಾಗಿ ಬೆಂಚಿನಿಂದ ಸರಿಯುತ್ತಿತ್ತು. ಬಿಸಿಲು ಅವರ ಮುಖಕ್ಕೆ ಬೀಳದಿರಲೆಂದು ಅದಕ್ಕೆ ಅಡ್ಡವಾಗಿ ನಿಂತು, ಅದು ಸರಿದಷ್ಟೂ ನಾನೂ ಸರಿಯುತ್ತಾ ಹೋದೆ.